ಹಾಲು ಕುಡಿಯುವಾಗ ಬೆವರುವ ಮಗು: ಕೊರೊನರಿ ನಾಳವನ್ನೂ ನೋಡಿಸಿ

ಮುಂಡರಗಿಯ ಸಹೋದರಿಯವರಿಗೆ ನಮಸ್ಕಾರ. ಮೂರು ತಿಂಗಳ ಮಗು ಹಾಲು ಕುಡಿಯುತ್ತ ನಡುವೆಯೇ ಬಿಟ್ಟು ಚೀರುತ್ತದೆ, ಹಣೆ ಬೆವರುತ್ತದೆ, ಗದಗಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿದವರು ಹೃದಯ ಹಿಗ್ಗಿ ಸ್ನಾಯು ದುರ್ಬಲವಾಗಿದೆ ಎಂದಿದ್ದಾರೆ, ರಕ್ತನಾಳದ ಹುಟ್ಟುದೋಷದಿಂದ ಹೀಗಾಗಬಹುದೇ ಎಂದು ಕೇಳಿದ್ದೀರಿ. ಆಗಬಹುದು, ಆ ಸಾಧ್ಯತೆಯನ್ನು ತಡಮಾಡದೆ ಪರೀಕ್ಷಿಸಿಕೊಳ್ಳಲೇಬೇಕು.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಎಡ ಕೊರೊನರಿ ನಾಳವು ಮಹಾಪಧಮನಿಯಿಂದ, ಅಂದರೆ ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳದಿಂದ, ಹೊರಡಬೇಕು. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಅದು ಶ್ವಾಸಕೋಶದ ಧಮನಿಯಿಂದ ಹೊರಟಿರುತ್ತದೆ. ವೈದ್ಯರು ಇದನ್ನು ಅಲ್ಕಾಪಾ ಎನ್ನುತ್ತಾರೆ. ಹುಟ್ಟಿದಾಗ ಆ ಧಮನಿಯಲ್ಲಿ ಒತ್ತಡ ಹೆಚ್ಚಿರುವುದರಿಂದ ಮಗು ಚೆನ್ನಾಗಿಯೇ ಕಾಣುತ್ತದೆ, ಆದರೆ ವಾರಗಳು ಕಳೆದಂತೆ ಒತ್ತಡ ಇಳಿದು, ಸ್ನಾಯುವಿಗೆ ಸೇರಬೇಕಾದ ರಕ್ತ ಹಿಮ್ಮುಖವಾಗಿ ಶ್ವಾಸಕೋಶದ ಧಮನಿಗೇ ಹರಿದುಹೋಗುತ್ತದೆ. ಹಾಲು ಚೀಪುವುದೇ ಎಳೆಗೂಸಿಗೆ ದೊಡ್ಡ ದುಡಿಮೆಯಾದ್ದರಿಂದ ನೋವು, ಬೆವರು, ಏದುಸಿರು ಆಗಲೇ ಕಾಣಿಸುತ್ತವೆ. ಇದನ್ನು ಹೊಟ್ಟೆನೋವೆಂದು ತಿಳಿದು ಬಜೆ ತೇಯ್ದು ನೆಕ್ಕಿಸುತ್ತ ದಿನ ಕಳೆಯುವ ಮನೆಗಳು ನಮ್ಮ ಕಡೆ ಇವೆ ಎಂಬುದೇ ನನ್ನ ಆತಂಕ.

ಹೃದಯದ ವಿದ್ಯುತ್ ಚಲನೆಯನ್ನು ದಾಖಲಿಸುವ ಇಸಿಜಿ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ. ಅದರಲ್ಲಿ ‘I’ ಮತ್ತು ‘aVL’ ಎಂದು ಗುರುತಿಸಿದ ಲೀಡುಗಳಲ್ಲಿ (ದಾಖಲೆಯ ಗೆರೆಗಳಲ್ಲಿ) ಆಳವಾದ ಕ್ಯೂ ಅಲೆಗಳು, ಅಂದರೆ ಕೆಳಕ್ಕಿಳಿದ ಮೊನೆಗಳು, ಇವೆಯೆಂದು ವೈದ್ಯರು ಕಂಡರೆ ಅನುಮಾನ ಬಲವಾಗುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಾಗಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಾಗಲಿ ಮಕ್ಕಳ ಹೃದ್ರೋಗ ತಜ್ಞರಿಗೆ ತೋರಿಸಿ, "ಎಡ ಕೊರೊನರಿ ಎಲ್ಲಿಂದ ಹೊರಟಿದೆ ಎಂಬುದು ಎಕೋದಲ್ಲಿ ಸ್ಪಷ್ಟವಾಗಿ ಕಂಡಿತೇ?" ಎಂದು ನೇರವಾಗಿ ಕೇಳಿ. ಕಾಣದಿದ್ದರೆ ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್) ಬೇಕಾಗಬಹುದು. ದೋಷ ಖಚಿತವಾದರೆ ಶಸ್ತ್ರಚಿಕಿತ್ಸೆಯಿಂದ ನಾಳವನ್ನು ಮಹಾಪಧಮನಿಗೆ ಜೋಡಿಸುತ್ತಾರೆ. ಬೇಗ ಮಾಡಿದರೆ ದುರ್ಬಲ ಸ್ನಾಯು ಬಹುಪಾಲು ಚೇತರಿಸಿಕೊಳ್ಳುತ್ತದೆ. ಮಗು ಬಿಳುಚಿಕೊಂಡರೆ, ಹಾಲನ್ನೇ ಬಿಟ್ಟರೆ ಅಥವಾ ಉಸಿರಿಗೆ ಕಷ್ಟಪಟ್ಟರೆ ಸರದಿಗಾಗಿ ಕಾಯದೆ 108ಕ್ಕೆ ಕರೆ ಮಾಡಿ.