ಹೆಚ್ಚು ಪರಿಚಿತವಲ್ಲದ ಸ್ಕಾ, ಪಂಕ್, ಸೋಲ್, ಬ್ಲೂಸ್ ತಂಡಗಳನ್ನು ಹುಡುಕುವುದು ಹೇಗೆ?

ಕಾಲಾ ಘೋಡಾದ ಸಂಗೀತದಂಗಡಿ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ಮುಂಬಯಿಯಲ್ಲಿ ಇಂಥ ತಂಡಗಳನ್ನು ಪರಿಚಯಿಸಿಕೊಳ್ಳುವ ದಾರಿ ಯಾವುದೆಂದು ಡೊಂಬಿವಲಿಯ ಕನ್ನಡಿಗರೊಬ್ಬರು ಕೇಳಿದ್ದಾರೆ. ನನ್ನ ಅನುಭವದಲ್ಲಿ, ಆ್ಯಪ್‌ಗಳು ತಾವಾಗಿ ಮುಂದಿಡುವ ಪಟ್ಟಿಗಳಿಗಿಂತ ಪಕ್ಕವಾದ್ಯದವರ ಹಾಗೂ ಧ್ವನಿಮುದ್ರಣ ಸಂಸ್ಥೆಗಳ ಹೆಸರುಗಳನ್ನು ಹಿಂಬಾಲಿಸುವುದೇ ಹೆಚ್ಚು ಫಲಕಾರಿ.

ಜಮೈಕಾದಲ್ಲಿ ಹುಟ್ಟಿದ ಸ್ಕಾ ಸಂಗೀತದ್ದೇ ಒಂದು ಉದಾಹರಣೆ ನೋಡೋಣ. ಇಂಗ್ಲೆಂಡಿನ ಕವೆಂಟ್ರಿಯ ‘ದಿ ಸ್ಪೆಷಲ್ಸ್’ ತಂಡ 1979ರಲ್ಲಿ ಜನಪ್ರಿಯಗೊಳಿಸಿದ ‘ಎ ಮೆಸೇಜ್ ಟು ಯೂ, ರೂಡಿ’ ಹಾಡನ್ನು ಮೊದಲು 1967ರಲ್ಲಿ ಹಾಡಿದವರು ಡ್ಯಾಂಡಿ ಲಿವಿಂಗ್‌ಸ್ಟನ್. ಈ ಎರಡೂ ಧ್ವನಿಮುದ್ರಣಗಳಲ್ಲಿ ಟ್ರಾಂಬೋನ್ (ಹಿತ್ತಾಳೆಯ ಊದುವಾದ್ಯ) ನುಡಿಸಿದವರು ರೀಕೊ ರೊಡ್ರಿಗಸ್. ಅವರ ಜಾಡು ಹಿಡಿದು ಹೋದರೆ ಅವರು ಕಲಿತ, ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಆಲ್ಫಾ ಬಾಯ್ಸ್ ಸ್ಕೂಲ್, ಅಲ್ಲಿಂದಲೇ ಬಂದ ಟ್ರಾಂಬೋನ್ ವಾದಕ ಡಾನ್ ಡ್ರಮಂಡ್, ಡ್ರಮಂಡ್ ನುಡಿಸುತ್ತಿದ್ದ ‘ಸ್ಕ್ಯಾಟಲೈಟ್ಸ್’ ತಂಡ, ಹೀಗೆ ಒಂದು ಇಡೀ ಪರಂಪರೆಯೇ ತೆರೆದುಕೊಳ್ಳುತ್ತದೆ. ಒಬ್ಬ ವಾದಕನ ಹೆಸರಿನಿಂದ ಇಷ್ಟು ದೂರ ಸಾಗಬಹುದೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಅಮೆರಿಕದ ಕಪ್ಪುಜನರ ಸೋಲ್ ಸಂಗೀತಕ್ಕೆ, ಮರೆತುಹೋದ ಸಣ್ಣ ಸಂಸ್ಥೆಗಳ ಹಾಡುಗಳನ್ನು ಮರುಪ್ರಕಟಿಸುವ ಷಿಕಾಗೋದ ನ್ಯೂಮೆರೊ ಗ್ರೂಪ್ ಒಳ್ಳೆಯ ಆರಂಭ. ಪಂಕ್‌ಗೆ, 1980ರಲ್ಲಿ ಹುಟ್ಟಿ ತನ್ನೂರಾದ ವಾಷಿಂಗ್ಟನ್ನಿನ ತಂಡಗಳಿಗೇ ಮೀಸಲಾಗಿ ಉಳಿದ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ ಇದೆ.

ಬ್ಲೂಸ್ ಕೇಳಲಂತೂ ಮುಂಬಯಿಯವರು ದೂರ ಹೋಗಬೇಕಿಲ್ಲ. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಲ್ಲಿ ಆರಂಭವಾದ ಮಹೀಂದ್ರ ಬ್ಲೂಸ್ ಉತ್ಸವ ಷಿಲ್ಲಾಂಗಿನ ‘ಸೋಲ್‌ಮೇಟ್’ನಂಥ ನಮ್ಮ ದೇಶದ ತಂಡಗಳಿಗೂ ವೇದಿಕೆ ಕೊಟ್ಟಿದೆ. ಇಂಥ ಕಾರ್ಯಕ್ರಮಗಳಿಗೆ ಮುಖ್ಯ ಕಲಾವಿದರ ವೇಳೆಗೆ ಹೋಗದೆ, ಮೊದಲ ತಂಡ ನುಡಿಸುವ ಹೊತ್ತಿಗೇ ಹೋಗಿ, ಅದರ ವಾದಕರು ಬೇರೆ ಯಾವ ತಂಡಗಳಲ್ಲಿದ್ದಾರೆಂದು ವಿಚಾರಿಸಿ ಬರೆದಿಟ್ಟುಕೊಳ್ಳಿ.