ಹಗುರವಾದ ನೀರಾವಿ ಮೇಲೇಕೆ ಶೇಖರವಾಗುವುದಿಲ್ಲ?

ಪ್ರಶ್ನೆ: ನೀರಾವಿ ಗಾಳಿಗಿಂತ ಹಗುರ. ಹಾಗಿದ್ದೂ ಎತ್ತರಕ್ಕೆ ಹೋದಂತೆ ಗಾಳಿ ಒಣಗುವುದೇಕೆ? ನೆಲಮಟ್ಟದ ಅಳತೆಯಿಂದ ಮೇಲಿನ ಒಟ್ಟು ಆವಿಯನ್ನು ಲೆಕ್ಕ ಹಾಕಬಹುದೇ?

ಉತ್ತರ: ನೀರಿನ ಅಣುತೂಕ 18, ಒಣಗಾಳಿಯ ಸರಾಸರಿ 29. ಆದರೂ ಅನಿಲಗಳು ತೂಕದ ಪ್ರಕಾರ ಬೇರೆಬೇರೆ ಪದರಗಳಾಗಿ ನಿಲ್ಲುವುದಿಲ್ಲ. ಸುಮಾರು 100 ಕಿ.ಮೀ. ಎತ್ತರದವರೆಗೂ ಗಾಳಿಯ ಕದಡುವಿಕೆ ಅವನ್ನು ಬೆರೆಸುತ್ತಲೇ ಇರುತ್ತದೆ. ಇಲ್ಲಿ ತೀರ್ಮಾನ ಉಷ್ಣತೆಯದು. ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಹೆಚ್ಚಾದ ಆವಿ ಹನಿಯಾಗಿ ಅಥವಾ ಹಿಮಹರಳಾಗಿ ಉದುರುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್‌ನಲ್ಲಿ ಹೆಚ್ಚೆಂದರೆ 30 ಗ್ರಾಂ ಆವಿ ಇರಬಲ್ಲದು; 0 ಡಿಗ್ರಿಯಲ್ಲಿ 5 ಗ್ರಾಂಗಿಂತ ಸ್ವಲ್ಪ ಕಡಿಮೆ; ಮೈನಸ್ 40ರಲ್ಲಿ 0.2 ಗ್ರಾಂ ಕೂಡ ಇಲ್ಲ.

ಹಲವರು ಎಡವುವುದು ಇಲ್ಲೇ. ಹತ್ತು ಕಿ.ಮೀ. ಮೇಲಿನ ಮೋಡದೊಳಗೆ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಇರಬಲ್ಲ ಗರಿಷ್ಠ ಆವಿಯಲ್ಲಿ ಇರುವುದು ಶೇ ಎಷ್ಟು ಎಂಬುದು) ಶೇ 100 ಇರಬಹುದು, ಅಲ್ಲಿನ ಆವಿ ಮಾತ್ರ ಬಿಸಿನೆಲದ 'ಒಣ' ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. ಎತ್ತರಗಳನ್ನು ಹೋಲಿಸಲು ಶೇಕಡಾವಾರು ಬೇಡ. ಗ್ರಾಂ ಅಥವಾ ಇಬ್ಬನಿ ಬಿಂದುವನ್ನು (ಗಾಳಿ ತಣ್ಣಗಾಗುತ್ತ ಹೋದಾಗ ಆವಿ ಹನಿಗಟ್ಟತೊಡಗುವ ಉಷ್ಣತೆಯನ್ನು) ನೋಡಿ.

ಲೆಕ್ಕಕ್ಕೆ ಬರೋಣ. ಒಣಗಾಳಿಯ ಒತ್ತಡ ಅರ್ಧಕ್ಕಿಳಿಯಲು ಐದೂವರೆ ಕಿ.ಮೀ. ಏರಬೇಕು, ಆವಿ ಸರಾಸರಿ ಒಂದೂವರೆ ಕಿ.ಮೀ.ಗೇ ಅರ್ಧವಾಗುತ್ತದೆ. ಅಂದರೆ ಮೇಲಿನ ಆವಿಯೆಲ್ಲ ನೆಲದ ಬಳಿಯಷ್ಟೇ ದಟ್ಟವಾಗಿದ್ದರೆ ಸುಮಾರು ಎರಡು ಕಿ.ಮೀ. ದಪ್ಪದ ಪದರದಲ್ಲೇ ಹಿಡಿಸುತ್ತಿತ್ತು. ಹಾಗಾಗಿ ನೆಲದ ಬಳಿ ಘನ ಮೀಟರ್‌ಗೆ ಎಷ್ಟು ಗ್ರಾಂ ಇದೆಯೋ ಅದನ್ನು 2ರಿಂದ ಗುಣಿಸಿದರೆ, ತಲೆಯ ಮೇಲಿನ ಆವಿಯೆಲ್ಲ ನೀರಾದಾಗ ಆಗುವ ಆಳ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 20 ಗ್ರಾಂ ಇದ್ದರೆ ಸುಮಾರು 40 ಮಿ.ಮೀ. ಇಡೀ ಭೂಮಿಯ ಸರಾಸರಿ 25 ಮಿ.ಮೀ. ಆಸುಪಾಸಿನಲ್ಲಿದೆ.

ಇದು ತಿಂಗಳ ಸರಾಸರಿಗೆ ಹೊಂದುವ ಸೂತ್ರ. ಒಂದು ನಿರ್ದಿಷ್ಟ ದಿನಕ್ಕೆ ನಂಬಬೇಡಿ. ಬಿಸಿಲ ಹಗಲಿನಲ್ಲಿ ಕೆಳಗಿನ ಒಂದೆರಡು ಕಿ.ಮೀ. ಗಾಳಿ ಚೆನ್ನಾಗಿ ಬೆರೆತು, ಕಿಲೋ ಗಾಳಿಗೆ ಇಷ್ಟು ಗ್ರಾಂ ಆವಿ ಎಂಬ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ. ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಿಕೊಂಡಿದ್ದರೆ, ಕೆಲವೇ ನೂರು ಮೀಟರ್‌ಗಳಲ್ಲಿ ಆವಿ ಥಟ್ಟನೆ ಕುಸಿಯುತ್ತದೆ. ಮೇಲಿನಿಂದ ಇಳಿದುಬಂದ ಗಾಳಿಯಂತೂ ತೀರಾ ಒಣ.

ಉಷ್ಣವಲಯದಲ್ಲಿ 16–17 ಕಿ.ಮೀ. ಎತ್ತರದ ಉಷ್ಣತೆ ಮೈನಸ್ 80 ಡಿಗ್ರಿಯ ಹತ್ತಿರ. ವಾಯುಮಂಡಲದ ಮೇಲ್ಪದರಕ್ಕೆ ಹೋಗುವ ಗಾಳಿ ಹೆಚ್ಚಾಗಿ ಈ ಚಳಿಯನ್ನು ಹಾದು, ಅಲ್ಲೇ ನೀರು ಕಳೆದುಕೊಳ್ಳುತ್ತದೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ನೀರಿನವು ಉಳಿಯುವುದು ಮೂರರಿಂದ ಐದು. ಇನ್ನೂ ಮೇಲೆ ಹೋದರೆ ಈ ಪ್ರಮಾಣ ತುಸು ಏರುತ್ತದೆ, ಏಕೆಂದರೆ ಅಲ್ಲಿ ಮೀಥೇನ್ ಅನಿಲ ಉತ್ಕರ್ಷಣಗೊಂಡು (ಆಮ್ಲಜನಕದೊಂದಿಗೆ ಸೇರಿ) ನೀರು ಹುಟ್ಟುತ್ತದೆ. ಸಾಮಾನ್ಯ ಹವಾಮಾನ ಬಲೂನಿನ ಸಂವೇದಕ ಅಷ್ಟು ಚಳಿಯಲ್ಲಿ ಮಂದವಾಗುತ್ತದೆ, ಮೋಡ ದಾಟುವಾಗ ಹಿಮ ಕಟ್ಟಿದರೆ ಸುಳ್ಳು ತೇವವನ್ನೂ ತೋರಿಸುತ್ತದೆ. ಅಲ್ಲಿಗೆ ತಂಪುಗನ್ನಡಿಯ ಮೇಲೆ ಹಿಮ ಕಟ್ಟುವ ಉಷ್ಣತೆಯನ್ನು ಅಳೆಯುವ ಉಪಕರಣವೇ ಬೇಕು.