ಕಲಬುರಗಿ ಬಿಸಿಲಲ್ಲಿ ಬೆಳೆದವರು ಹಿಮಾಲಯದಲ್ಲಿ ಐದು ದಿನ ನಡೆಯಬಹುದಾ?

ಬೆಟ್ಟ ಹತ್ತಿ ರೂಢಿಯಿಲ್ಲದ ಗೆಳೆಯರು ಸೇರಿ, ಟೆಂಟ್ ಹೊರದೆ, ದಿನಾ ಒಂದೊಂದು ಹಟ್‌ನಲ್ಲಿ (ಚಾರಣಿಗರಿಗೆ ಊಟ, ಮಲಗಲು ಜಾಗ ಕೊಡುವ ದಾರಿಬದಿಯ ಮನೆ) ಉಳಿಯುತ್ತಾ ಚಾರಣ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ನಾವು ಕಲಬುರಗಿಯ ನಾಲ್ವರು ಸಂದಕ್‌ಫುಗೆ ಹೋಗಿ ಬಂದಿದ್ದೇವೆ.

ಸಂದಕ್‌ಫು ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3,636 ಮೀಟರ್. ಡಾರ್ಜಿಲಿಂಗ್ ಹತ್ತಿರದ ಮಾನೇಭಂಜನ್‌ನಿಂದ ನಡಿಗೆ ಶುರು. ಗೈಡ್ ಇರಲೇಬೇಕು. ದಾರಿ ನೇಪಾಳದ ಗಡಿಗುಂಟ ಹೋಗುತ್ತದೆ, ಹಾಗಾಗಿ ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ನಾವು ತುಮ್ಲಿಂಗ್, ಕಾಲಿಪೋಖ್ರಿ, ಸಂದಕ್‌ಫು ಹೀಗೆ ಒಂದೊಂದು ರಾತ್ರಿ ಉಳಿದೆವು.

ತಯಾರಿಗೆ ದೂರ ಹೋಗಬೇಕಿಲ್ಲ. ಎರಡು ತಿಂಗಳು ಪ್ರತಿ ಭಾನುವಾರ ಬೆಳಗಿನ ರೈಲಿಗೆ ಯಾದಗಿರಿಗೆ ಹೋಗಿ, ಬ್ಯಾಗಿನಲ್ಲಿ ಐದು ಕೆಜಿ ಜೋಳ ಹಾಕಿಕೊಂಡು ಕೋಟೆ ಹತ್ತಿ ಇಳಿಯುತ್ತಿದ್ದೆವು. ಹತ್ತುವುದಕ್ಕಿಂತ ಇಳಿಯುವುದಕ್ಕೇ ಜಾಸ್ತಿ ಗಮನ ಕೊಡಿ. ಸಂದಕ್‌ಫುನಿಂದ ಕೆಳಗಿನ ಶ್ರೀಖೋಲಾ ಹಳ್ಳಿಗೆ ಬರುವಾಗ ಸುಮಾರು ಒಂದೂವರೆ ಸಾವಿರ ಮೀಟರ್ ಇಳಿಯಬೇಕು. ಅಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ.

ಆದರೆ ನಮಗೆ ಕಷ್ಟವಾಗಿದ್ದು ಕಾಲಿನಿಂದಲ್ಲ. ಮೊದಲ ದಿನ ಚಿತ್ರೆಯ ಏರಿನಲ್ಲಿ ನಾನೂ ಇನ್ನೊಬ್ಬ ಗೆಳೆಯನೂ ಹುಮ್ಮಸ್ಸಿನಲ್ಲಿ ಗೈಡ್ ಜೊತೆ ಮುಂದೆ ಹೋಗಿಬಿಟ್ಟೆವು. ಮಂಜು ಕವಿಯಿತು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣದು. ಹಿಂದಿದ್ದವರಲ್ಲಿ ಒಬ್ಬನಿಗೆ ಉಸಿರು ಸಾಲುತ್ತಿರಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಬಂದ. ಒಂದು ಮಾತೂ ಆಡಲಿಲ್ಲ. ಅವನ ಮುಖ ನೋಡಿ ನನಗೆ ಬಹಳ ಕೆಟ್ಟದೆನಿಸಿತು.

ಸಂಜೆ ತುಮ್ಲಿಂಗ್‌ನಲ್ಲಿ ಹಟ್‌ನ ದೀದಿ ನಮ್ಮನ್ನು ಅಡುಗೆಮನೆಗೇ ಕರೆದರು. ಕಟ್ಟಿಗೆ ಒಲೆ, ಅದರ ಮೇಲೆ ತಂತಿಗೆ ನೇತುಹಾಕಿದ ನಮ್ಮ ಒದ್ದೆ ಕಾಲುಚೀಲಗಳು. ಬಿಸಿ ಅನ್ನ, ಬೇಳೆ, ಆಲೂಗಡ್ಡೆ ಪಲ್ಯ ಬಡಿಸಿದರು. ಹಿಂದೆ ಬಿದ್ದಿದ್ದ ಗೆಳೆಯ ಬ್ಯಾಗಿನಿಂದ ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ (ಚಟ್ನಿಪುಡಿ) ತೆಗೆದು ಮೊದಲು ದೀದಿಗೆ, ಆಮೇಲೆ ನಮಗೂ ಹಾಕಿದ. ಆಗ ನಾನು, "ನಾಳೆಯಿಂದ ನೀನೇ ಮುಂದೆ ನಡಿಯೋ, ನಾವು ನಿನ್ನ ಹಿಂದೆ" ಅಂದೆ. ಕೊನೆಯ ದಿನದವರೆಗೂ ಹಾಗೇ ನಡೆದೆವು. ನೀವೂ ಎಲ್ಲರಿಗಿಂತ ನಿಧಾನ ನಡೆಯುವವರನ್ನೇ ಮುಂದೆ ಬಿಡಿ. ಹಟ್ ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? ಎತ್ತರದಲ್ಲಿ ನಿಧಾನವಾಗಿ ಹೋದಷ್ಟೂ ಮೈ ಹೊಂದಿಕೊಳ್ಳುತ್ತದೆ. ಯಾರಿಗಾದರೂ ತಲೆನೋವು, ವಾಂತಿ ಶುರುವಾದರೆ ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ಕೆಳಗೆ ಇಳಿಯಿರಿ, ಅವರೊಬ್ಬರನ್ನೇ ಕಳಿಸಬೇಡಿ.

ಮಳೆಗಾಲದಲ್ಲಿ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಈ ದಾರಿ ಹಾದುಹೋಗುವ ಸಿಂಗಲೀಲಾ ಕಾಡು ಮುಚ್ಚಿರುತ್ತದೆ. ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ. ಸಂದಕ್‌ಫುನಲ್ಲಿ ಬೆಳಗಿನ ಜಾವ ಕೌದಿಯಂಥ ದಪ್ಪ ರಜಾಯಿ ಹೊದ್ದುಕೊಂಡೇ ಹೊರಗೆ ಬಂದೆವು. 8,586 ಮೀಟರಿನ ಕಾಂಚನಜುಂಗಾ ತುದಿಗೆ ಮೊದಲು ಕೆಂಪು ಹತ್ತಿತು, ಆಮೇಲೆ ಬಂಗಾರದ ಬಣ್ಣ. ಮೊದಲ ದಿನ ಹಿಂದೆ ಬಿದ್ದಿದ್ದ ನಮ್ಮ ಗೆಳೆಯ ಫೋನ್ ತೆಗೆಯಲೇ ಇಲ್ಲ, ಸುಮ್ನೆ ನೋಡುತ್ತಾ ನಿಂತಿದ್ದ.

ಕಡಕ್ ರೊಟ್ಟಿ ಒಯ್ಯುವುದಾದರೆ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಚೀಲದಲ್ಲಿಟ್ಟರೆ ಎರಡನೇ ದಿನಕ್ಕೇ ಪುಡಿಯಾಗುತ್ತವೆ.